ಇಪ್ಪತ್ಮೂರು ಕೆ.ಜಿ.ಯೊಳಗೊಂದು ಸೈಲೆನ್ಸರ್

ಅಮೆರಿಕದಿಂದ ಊರಿಗೆ ಹೊರಟವನ ಸೂಟ್‌ಕೇಸ್ ಅವನ ಸ್ವತ್ತಲ್ಲ. ಟಿಕೆಟ್ ಬುಕ್ ಆದ ಸುದ್ದಿ ಫ್ಯಾಮಿಲಿ ಗ್ರೂಪಿಗೆ ಬಿದ್ದದ್ದೇ ತಡ, ಅದರ ಮೂಲೆಮೂಲೆಗೂ ವಾರಸುದಾರರು ಹುಟ್ಟಿಕೊಳ್ಳುತ್ತಾರೆ. ಅತ್ತಿಗೆಗೆ ಬಾದಾಮಿ, ಅಕ್ಕನಿಗೆ ವಿಟಮಿನ್ ಮಾತ್ರೆ, ಬಾಯಿಬಿಟ್ಟು ಕೇಳಲು ಸಂಕೋಚಪಡುವ ಭಾವನವರಿಗೆ ಅಕ್ಕನ ಮೂಲಕವೇ ಶೇವಿಂಗ್ ಸೆಟ್ಟು. ಹೊರಡುವ ಹಿಂದಿನ ರಾತ್ರಿ ಡಾಲಸ್ಸಿನ ನಮ್ಮ ಮನೆಯ ಬಚ್ಚಲಿನ ತೂಕದ ಮೆಷಿನ್ನು ಹಾಲಿಗೆ ಬರುತ್ತದೆ. ನಾನು ಸೂಟ್‌ಕೇಸನ್ನು ತಬ್ಬಿಕೊಂಡು ಅದರ ಮೇಲೆ ನಿಲ್ಲಬೇಕು, ಹೆಂಡತಿ ಅದರಲ್ಲಿ ನನ್ನ ತೂಕ ಕಳೆದು ಲೆಕ್ಕ ಹೇಳಬೇಕು. ನನ್ನ ತೂಕದ ಬಗ್ಗೆ ಆ ಹೊತ್ತಿನಲ್ಲಿ ಬರುವ ಟೀಕೆಗಳು ಇಲ್ಲಿ ಬೇಡ.

ಈ ಸಲ ಶಿವಮೊಗ್ಗದ ಅಣ್ಣನ ಮಗ ಕೇಳಿದ್ದು ಸೈಲೆನ್ಸರ್.

ಅವನ ಹತ್ತಿರ ಸೆಕೆಂಡ್ ಹ್ಯಾಂಡ್ ಇಸುಜು ವಿ-ಕ್ರಾಸ್ ಪಿಕಪ್ ಇದೆ. ಅಡಿಕೆ ಮೂಟೆ ಮಂಡಿಗೆ ಸಾಗಿಸಲು ಆಗುತ್ತದೆಂದು ಅಣ್ಣ ದುಡ್ಡು ಕೊಟ್ಟಿದ್ದ. ಹುಡುಗ ಅದಕ್ಕೆ ದಪ್ಪ ಟಯರು, ತಲೆಯ ಮೇಲೆ ಸಾಲು ಲೈಟು ಹಾಕಿಸಿ, ಹಿಂದಿನ ತೊಟ್ಟಿಯಲ್ಲಿ ಗೀರು ಬೀಳುತ್ತದೆಂದು ಒಂದು ಮೂಟೆಯನ್ನೂ ಇಡಲು ಬಿಡಲಿಲ್ಲ. ಅಡಿಕೆ ಈಗಲೂ ಬಾಡಿಗೆ ಬೊಲೆರೊದಲ್ಲೇ ಹೋಗುತ್ತದೆ. 'ಚಿಕ್ಕಪ್ಪಾ, ನಿಮ್ಮ ಟೆಕ್ಸಾಸ್ ಗಾಡಿಗಳ ಸೌಂಡ್ ಬರಬೇಕು' ಅಂದ.

ನಮ್ಮ ಬೀದಿಯ ಸೌಂಡ್ ನನಗೆ ಗೊತ್ತು. ಎದುರುಮನೆಯಾತನ ದೈತ್ಯ ಪಿಕಪ್ ಇವತ್ತಿನವರೆಗೆ ಹೊತ್ತ ಅತಿ ಭಾರದ ಸರಕೆಂದರೆ ಹಾಲಿನ ಕ್ಯಾನು. ಆದರೆ ಬೆಳಿಗ್ಗೆ ಅವನು ಸ್ಟಾರ್ಟ್ ಮಾಡಿದರೆ ನಮ್ಮ ದೇವರ ಮನೆಯ ಗಂಟೆ ತಾನಾಗಿ ಅಲ್ಲಾಡುತ್ತದೆ. ಒಳ್ಳೆಯ ಸ್ಥಿತಿಯ ಮಫ್ಲರ್, ಅಂದರೆ ನಮ್ಮ ಸೈಲೆನ್ಸರ್, ಇರಬೇಕು ಎನ್ನುವ ಟೆಕ್ಸಾಸ್ ಕಾನೂನು ಇಷ್ಟೇ ಡೆಸಿಬಲ್ ಎಂದು ಅಂಕಿ ಹೇಳುವುದಿಲ್ಲ. ಇಂಡಿಯಾನಾದ ರೀವ್ಸ್ ಸಹೋದರರು 1897ರಲ್ಲೇ ಎಂಜಿನ್ನಿನ ಗದ್ದಲ ಅಡಗಿಸುವ ಡಬ್ಬಿಗೆ ಪೇಟೆಂಟ್ ಪಡೆದರು. ಅಡಗಿದ ಗದ್ದಲವನ್ನು ವಾಪಸ್ ತರಿಸಲು ಅವರ ದೇಶದವರು ಈಗ ಕೈತುಂಬ ಡಾಲರ್ ಸುರಿಯುತ್ತಾರೆ.

ಹುಡುಗನಿಗೆಂದು ನಾನು ಕೊಂಡ ಡಬ್ಬಿ ಸುಮಾರು ಐದು ಕೆ.ಜಿ. ತೂಗಿತು. ಅಂದರೆ ಐದು ಕೆ.ಜಿ. ಬಾದಾಮಿ ಹೊರಗೆ. ಸೂಟ್‌ಕೇಸಿನಲ್ಲಿ ಖಾಲಿ ಜಾಗ ಬಿಡುವುದು ನನ್ನ ಹೆಂಡತಿಯ ಪ್ರಕಾರ ಪಾಪ. ಶೂ ಒಳಗೆ ಚಾಕಲೇಟು, ಫ್ಲಾಸ್ಕಿನೊಳಗೆ ಟೀ ಪುಡಿ ತುಂಬುವ ಕೈ ಸೈಲೆನ್ಸರನ್ನು ಬಿಟ್ಟೀತೆ? 'ಇಷ್ಟು ದಪ್ಪ ಡಬ್ಬಿ, ಒಳಗೆ ಬರೀ ಗಾಳಿ' ಎಂದು ಗೊಣಗಿ, ಬಾದಾಮಿಯ ಪ್ಲಾಸ್ಟಿಕ್ ಚೀಲವನ್ನು ಅದರ ಬಾಯಿಗೆ ತುರುಕಿ, ಹಳೇ ಟವೆಲ್ ಸುತ್ತಿದಳು.

ಬೆಂಗಳೂರು ವಿಮಾನ ನಿಲ್ದಾಣದ ಎಕ್ಸ್‌ರೇ ಪರದೆ ಮೇಲೆ ಅದು ಹೇಗೆ ಕಂಡಿತೋ, ಅಧಿಕಾರಿ ಕುರ್ಚಿಯಿಂದ ಎದ್ದೇಬಿಟ್ಟರು.

'ಏನ್ ಸಾರ್ ಇದು?'

'ಸೈಲೆನ್ಸರ್.'

'ಒಳಗೇನಿದೆ?'

'ಬಾದಾಮಿ.'

'ಸೈಲೆನ್ಸರ್ ಒಳಗೆ?'

'ಅತ್ತಿಗೆಗೆ' ಅಂದೆ. ಅವರಿಗೂ ಒಬ್ಬ ಅತ್ತಿಗೆ ಇರಬೇಕು. ಹೋಗಿ ಅಂತ ಕೈ ಬೀಸಿದರು.

ಮೊದಲು ಭದ್ರಾವತಿ ಮನೆಗೆ, ಅಪ್ಪನ ಹತ್ತಿರ. ಅಪ್ಪ ಅಲ್ಲಿನ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್‌ನ ರೋಲಿಂಗ್ ಮಿಲ್ಲಿನಲ್ಲಿ ಜೀವ ಸವೆಸಿ, ಪಿಎಫ್ ಜೊತೆಗೆ ಅರ್ಧ ಕಿವುಡನ್ನೂ ತಂದವರು. ನಾನು ಇಷ್ಟು ವರ್ಷ ತಂದ ಸ್ವೆಟರು, ವಾಚು, ಬಿ.ಪಿ. ಮೆಷಿನ್ನು ಯಾವುದನ್ನೂ ಅವರು ಎರಡನೇ ಸಲ ತಿರುಗಿ ನೋಡಿದ್ದಿಲ್ಲ. ಸೈಲೆನ್ಸರನ್ನು ಮಾತ್ರ ತೊಡೆಯ ಮೇಲಿಟ್ಟುಕೊಂಡು ವೆಲ್ಡಿಂಗ್ ಗೆರೆಯುದ್ದಕ್ಕೂ ಉಗುರಾಡಿಸಿದರು.

ಅಷ್ಟರಲ್ಲಿ, ಶಿವಮೊಗ್ಗದಿಂದ ಬಂದಿದ್ದ ಅಣ್ಣ ಫ್ರಿಜ್ಜಿನ ಬಾಗಿಲಿನಿಂದ ತಿರುಪತಿ ವೆಂಕಟರಮಣನ ಮ್ಯಾಗ್ನೆಟ್ ಕಿತ್ತು ತಂದು ಅಂಟಿಸಿ ನೋಡಿದ. ಗಟ್ಟಿಯಾಗಿ ಹಿಡಿಯಿತು. 'ಸ್ಟೇನ್‌ಲೆಸ್ ಅಂದ್ರಲ್ಲ, ಮೋಸ ಹೋಗಿದೀಯಾ' ಎಂದು ಸಂತೋಷಪಟ್ಟ.

'ನಿನ್ ತಲೆ!' ಅಂದರು ಅಪ್ಪ. 'ನಿಕಲ್ ಇಲ್ಲದ ಸ್ಟೇನ್‌ಲೆಸ್ಸಿಗೆ ಅಯಸ್ಕಾಂತ ಹಿಡಿದೇ ಹಿಡಿಯುತ್ತೆ. ಹನ್ನೊಂದು ಪರ್ಸೆಂಟ್ ಕ್ರೋಮಿಯಂ ಇರುತ್ತೆ, ಹೊಗೆ ಡಬ್ಬಿಗೆ ಅಷ್ಟು ಸಾಕು.' ಅಲ್ಲಿಂದ ಮಾತು 1923ಕ್ಕೆ, ವಿಶ್ವೇಶ್ವರಯ್ಯನವರ ಕಾಲಕ್ಕೆ, ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದ ಕಬ್ಬಿಣ ಕರಗಿಸುತ್ತಿದ್ದ ಕುಲುಮೆಗೆ ಹೋಯಿತು. ಕುಲುಮೆ ಹೊತ್ತಿ ಸರಿಯಾಗಿ ನೂರು ವರ್ಷವಾದಾಗ, 2023ರ ಜನವರಿಯಲ್ಲಿ, ಕಾರ್ಖಾನೆ ಮುಚ್ಚುವ ತೀರ್ಮಾನ ಬಂತಲ್ಲ, ಅಲ್ಲಿಗೆ ಬಂದಾಗ ಅಪ್ಪ ಬಳಸಿದ ಪದಗಳನ್ನು ಪತ್ರಿಕೆಗಳು ಅಚ್ಚು ಹಾಕುವುದಿಲ್ಲ.

ಬಾದಾಮಿ ಚೀಲ ಎಳೆದಾಗ ಅರ್ಧ ಮಾತ್ರ ಈಚೆಗೆ ಬಂತು. ಪ್ರಯಾಣದಲ್ಲೆಲ್ಲೋ ಹರಿದು, ಉಳಿದರ್ಧ ಒಳಗಿನ ಕೋಣೆ ಸೇರಿತ್ತು. ಈ ನಮೂನೆಯ ಮಫ್ಲರ್ ನೇರ ಕೊಳವೆಯಲ್ಲ. ಒಳಗೆ ತಗಡಿನ ಅಡ್ಡಗೋಡೆಗಳಿರುತ್ತವೆ. ಶಬ್ದದ ಅಲೆಗಳು ಅವಕ್ಕೆ ಬಡಿದು ಹಿಂತಿರುಗುವಾಗ ಎದುರಿನಿಂದ ಬರುವ ಅಲೆಗಳಿಗೆ ಡಿಕ್ಕಿ ಹೊಡೆದು, ಎರಡೂ ಅಲ್ಲಲ್ಲೇ ತಣ್ಣಗಾಗುತ್ತವೆ. ಒಳಹೊಕ್ಕ ಶಬ್ದವೇ ಹೊರಬರಲು ತಿಣುಕುವ ಜಾಗದಿಂದ ಬಾದಾಮಿ ಬರುವುದುಂಟೆ? ಅತ್ತಿಗೆ ಡಬ್ಬಿಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿ ಅಲ್ಲಾಡಿಸಿ ಸೋತರು.

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಹುಡುಗನ ಗುರುತಿನ ಮೇಸ್ತ್ರಿಯೊಬ್ಬರು. ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಗಲಗಲ ಅನ್ನಿಸಿ, 'ಒಳಗೆ ಪ್ಲೇಟ್ ಬಿಟ್ಟಿದೆ' ಅಂದರು. ಬಾದಾಮಿ ಅಂತ ಯಾರು ಹೇಳಬೇಕು? ಎಲ್ಲರೂ ಗಾಡಿಯ ಕಡೆ ನೋಡಿದೆವು.

ಬೋಲ್ಟುಗಳು ತುಕ್ಕು ಹಿಡಿದು ಸ್ಪ್ಯಾನರಿಗೆ ಜಗ್ಗಲಿಲ್ಲ. ಮೇಸ್ತ್ರಿ ಪಿಟ್ಟಿಗಿಳಿದು ಗ್ರೈಂಡರಿನಲ್ಲಿ ಪೈಪನ್ನೇ ಕತ್ತರಿಸಿದರು. ಹಳೇ ಸೈಲೆನ್ಸರ್ ರಬ್ಬರಿನಲ್ಲಿ ಜೋತಾಡಿ ಕೆಳಗೆ ಬಂತು. ಅಮೆರಿಕದ ಡಬ್ಬಿಯ ಬಾಯಿ ದೊಡ್ಡದು, ನಮ್ಮ ಪೈಪು ಸಣ್ಣದು. ಅಪ್ಪ ಪಿಟ್ಟಿನ ಅಂಚಿನಲ್ಲಿ ಸ್ಟೂಲ್ ಹಾಕಿಸಿಕೊಂಡು ಕೂತು, ತಗಡನ್ನು ಆಲಿಕೆಯಾಕಾರಕ್ಕೆ ಸುತ್ತುವುದು ಹೇಗೆಂದು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ತೋರಿಸಿದರು. ಮೇಸ್ತ್ರಿ ಅವರು ಹೇಳಿದಂತೆಯೇ ವೆಲ್ಡ್ ಮಾಡಿ, ಮೇಲೆ ಬಂದು, ಬೀಡಿ ಹಚ್ಚಿ ಕೇಳಿದರು: 'ಇದು ಪೆಟ್ರೋಲ್ ಗಾಡೀದಲ್ವಾ ಸಾರ್?'

ಹೌದು.

'ಹಂಗಾರೆ ಆ ಸೌಂಡ್ ಬರಾಕಿಲ್ಲ. ಅವ್ರದ್ದು ಎಂಟು ಸಿಲಿಂಡರ್. ನಮ್ದು ನಾಕು, ಮೇಲೆ ಡೀಸೆಲ್ಲು, ಟರ್ಬೊ. ಟರ್ಬೊ ಚಕ್ರದಲ್ಲೇ ಸೌಂಡೆಲ್ಲ ನುಗ್ಗಾಗ್ ಹೋಯ್ತದೆ. ಡಬ್ಬಿ ಏನ್ ಮಾಡ್ತದೆ?'

ಈ ಮಾತನ್ನು ಅವರು ಕತ್ತರಿಸುವ ಮೊದಲೇ ಹೇಳಬಹುದಿತ್ತು. ಆದರೆ ವ್ಯಾಪಾರವೆಂದರೆ ವ್ಯಾಪಾರ.

ಸ್ಟಾರ್ಟ್ ಮಾಡಿದಾಗ ಸಿಂಹಗರ್ಜನೆ ಬರಲಿಲ್ಲ. ಡ್ರಮ್ಮಿನೊಳಗೆ ಕೂತು ಯಾರೋ ಕೆಮ್ಮಿದಂಥ ಸದ್ದು ಬಂತು. ಬಿ.ಎಚ್. ರಸ್ತೆಯಲ್ಲಿ ಭದ್ರಾವತಿ ಕಡೆ ಹೊರಟು ವೇಗ ಹಿಡಿದ ಮೇಲೆ ಕೆಮ್ಮು ನಿಂತು, ತಲೆಯೊಳಗೆ ಭೋಂ ಎನ್ನುವ ಏಕನಾದ ಶುರುವಾಯಿತು. ಮಾಚೇನಹಳ್ಳಿ ದಾಟುವಾಗ ಕಿಟಕಿಯಿಂದ ಘಮ್ಮೆಂದು ಹುರಿದ ಬಾದಾಮಿಯ ವಾಸನೆ. ಹಿಂದಿದ್ದ ಬೈಕಿನವನೊಬ್ಬ ಪಕ್ಕಕ್ಕೆ ಬಂದು, ನಮ್ಮ ಖಾಲಿ ತೊಟ್ಟಿಯೊಳಗೆ ಇಣುಕಿ, ನಿರಾಶನಾಗಿ ಮುಂದೆ ಹೋದ.

ಹಿಂದಿನ ಸೀಟಿನಲ್ಲಿದ್ದ ಅಣ್ಣನಿಗೆ ವಾಸನೆಗಿಂತ ಪೊಲೀಸರ ಚಿಂತೆ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ ಶಬ್ದಮಾಲಿನ್ಯಕ್ಕೆ ಹತ್ತು ಸಾವಿರದವರೆಗೆ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು, ಲೈಸೆನ್ಸಿಗೂ ಕುತ್ತು. ಕಿತ್ತ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವ ಫೋಟೋ ಪೇಪರಿನಲ್ಲಿ ಬರುತ್ತಿರುತ್ತದೆ. 'ಅದರಲ್ಲಿ ನಮ್ದೊಂದರಿಂದ ಬಾದಾಮಿ ಎಣ್ಣೆ ಬಂದರೆ ಮರ್ಯಾದೆ ಏನಾಗ್ಬೇಕು?' ಎಂದು ಅಣ್ಣ.

ಮರುದಿನವೇ ಹಳೇ ಸೈಲೆನ್ಸರ್ ತನ್ನ ಜಾಗಕ್ಕೆ ಮರಳಿತು. ಹುಡುಗ ಎರಡು ಹೊತ್ತು ಊಟ ಬಿಟ್ಟು, ಮೂರನೇ ಹೊತ್ತಿಗೆ ಮೀನಾಕ್ಷಿ ಭವನದ ದೋಸೆಗೆ ಸಮಾಧಾನವಾದ. ಅಮೆರಿಕದ ಡಬ್ಬಿಯನ್ನು ಅಪ್ಪ ವಶಪಡಿಸಿಕೊಂಡರು. ಸಂಜೆ ಅವರ ರೋಲಿಂಗ್ ಮಿಲ್ಲಿನ ಹಳೇ ಗೆಳೆಯರು ಜಗಲಿಯಲ್ಲಿ ಸೇರಿ, ಯಾರದೋ ಗ್ರೈಂಡರ್ ತರಿಸಿ, ಅದನ್ನು ಉದ್ದಕ್ಕೆ ಸೀಳಿದರು. ಎಲ್ಲರಿಗೂ ಕಿವಿ ಮಂದ. ಹಾಗಾಗಿ ಅಡ್ಡಗೋಡೆಯ ಗೇಜು ಎಷ್ಟು ಎಂಬ ಚರ್ಚೆ ಮೂರು ಮನೆಯಾಚೆಗೂ ಕೇಳುತ್ತಿತ್ತು. ಹಾಕಿದ್ದ ಸೈಲೆನ್ಸರ್ ಇಷ್ಟು ಸದ್ದು ಮಾಡಿರಲಿಲ್ಲ.

ಅತ್ತಿಗೆ ಸ್ಟೀಲಿನ ಬಟ್ಟಲು ತಂದು, ಮಸಿ ಹಿಡಿದ ಬಾದಾಮಿಗಳನ್ನು ಒಂದೊಂದಾಗಿ ಆರಿಸಿ ಹಾಕಿಕೊಂಡರು. ಕೊನೆಗೆ ಬಟ್ಟಲನ್ನು ನನ್ನ ಮುಂದೆ ಹಿಡಿದು, 'ಮುಂದಿನ ಸಲ ಬಾದಾಮಿ ಬೇಡ, ಗಾಂಧಿ ಬಜಾರಲ್ಲೇ ಸಿಗುತ್ತೆ' ಅಂದರು. 'ಪಿಸ್ತಾ ತನ್ನಿ. ಸೂಟ್‌ಕೇಸಲ್ಲಿ.'