ಗಾಜಿನ ಮೇಲಿನ ನಾಲ್ಕನೇ ಸ್ಟಿಕ್ಕರ್

ನರಸಾಪುರ, ವೇಮಗಲ್, ಮಾಲೂರು ಕಡೆಯ ಕಾರ್ಖಾನೆಗಳಲ್ಲಿ ಟ್ರಾವೆಲ್ಸ್ ಗುತ್ತಿಗೆ ಮುಗಿಯುವ ಹೊತ್ತಿಗೆ ಒಂದು ಸ್ವಯಂವರ ಏರ್ಪಡುತ್ತದೆ. ನೌಕರರನ್ನು ಕರೆತಂದು ಬಿಡುವ ಕಂಪನಿಗಳೆಲ್ಲ ಸಾಲಾಗಿ ಬಂದು ಕೊಟೇಷನ್ ಇಡುತ್ತವೆ, ಪಿಪಿಟಿ ತೋರಿಸುತ್ತವೆ, ಎಚ್‌ಆರ್‌ನವರು ಎಕ್ಸೆಲ್ ಹಾಳೆಯಲ್ಲಿ ಅಂಕ ಹಾಕುತ್ತಾರೆ. ಈ ಸಂಭ್ರಮಕ್ಕೆ ಬಸ್ಸನ್ನು ಮಾತ್ರ ಯಾರೂ ಕರೆಯುವುದಿಲ್ಲ. ಆದ್ದರಿಂದ ಕೋಲಾರ ತಾಲ್ಲೂಕಿನ ಹುತ್ತೂರಿನಲ್ಲಿ, ಎರಡು ಪಾಳಿಗಳ ನಡುವೆ ಹುಣಸೆಮರದಡಿ ನಿಂತಿದ್ದ ಹಳದಿ ಬೋರ್ಡಿನ ಮಿನಿ ಬಸ್ಸೊಂದನ್ನು ಮಾತಾಡಿಸಿದೆವು. ಕೆಎ 07 ಎಂದಷ್ಟೇ ಬರೆಯಬೇಕು, ಪೂರ್ತಿ ನಂಬರ್ ಹಾಕಿದರೆ ರೂಟ್ ಹೋಗುತ್ತದೆ ಎಂಬ ಷರತ್ತಿನ ಮೇಲೆ ಅದು ಬಾಯಿಬಿಟ್ಟಿತು.

ನಮಸ್ಕಾರ. ತಾವು ಯಾವ ಕಂಪನಿಯವರು?

ಯಾವ ವರ್ಷದ್ದು ಕೇಳ್ತಿದ್ದೀರಣ್ಣ? ಮುಂದಿನ ಗಾಜು ನೋಡಿ. ಈಗಿರೋದು ನಾಲ್ಕನೇ ಸ್ಟಿಕ್ಕರ್. ಕೆಳಗಿನ ಮೂರೂ ಪೂರ್ತಿ ಕಿತ್ತು ಬಂದಿಲ್ಲ. ಮೊದಲನೆಯೋರು ಟ್ರಾವೆಲ್ಸ್ ಅಂತಿದ್ರು. ಎರಡನೆಯೋರು ಮೊಬಿಲಿಟಿ. ಮೂರನೆಯೋರು ಮೊಬಿಲಿಟಿ ಸೊಲ್ಯೂಷನ್ಸ್. ಈಗಿನೋರ ಹೆಸರಲ್ಲಿ ಗಾಡಿ ಸುದ್ದಿನೇ ಇಲ್ಲ, ಬರೀ ಟೆಕ್ ಅಂತೆ. ನನ್ನ ಹಿಂದಿನ ಟೈರು ಮೊದಲನೆಯೋರ ಕಾಲದ್ದೇ.

ಹಾಗಾದರೆ ನಾಲ್ವರನ್ನೂ ಹೋಲಿಸಲು ನಿಮಗಿಂತ ಯೋಗ್ಯರಿಲ್ಲ.

ಹೋಲಿಸೋಕೇನಿದೆ? ಟೆಂಡರ್ ಗೆದ್ದೋರ ಹತ್ರ ಬಸ್ಸಿರಲ್ಲ. ಅವರು ಕೋಲಾರದ ಒಬ್ಬರಿಗೆ ಹೇಳ್ತಾರೆ, ಅವರು ಮುಳಬಾಗಿಲಿನ ಇನ್ನೊಬ್ಬರಿಗೆ, ಅವರು ನಮ್ಮ ಓನರಣ್ಣಂಗೆ. ಟೆಂಡರ್ ಸೋತೋರ ಪಿಪಿಟಿಯಲ್ಲೂ ನನ್ನದೇ ಫೋಟೋ ಇತ್ತು. ಮೂರು ಜನ ಬ್ರೋಕರ್‌ಗಳು ಒಬ್ಬನೇ ಗಂಡಿನ ಫೋಟೋ ಹಿಡ್ಕೊಂಡು ಒಂದೇ ಮನೆಗೆ ಹೋದಂಗೆ. ಆ ಮನೆಯೋರು ರಾತ್ರಿಯೆಲ್ಲ ಕೂತು ಯಾವ ಗಂಡು ವಾಸಿ ಅಂತ ಅಂಕ ಹಾಕಿದ್ರು.

ತಂತ್ರಜ್ಞಾನದಲ್ಲಾದರೂ ವ್ಯತ್ಯಾಸವಿರಬೇಕಲ್ಲ?

ಇದೆ, ಇದೆ. ನನ್ನ ಮೈಮೇಲೆ ಎರಡು ಜಿಪಿಎಸ್ ಇದೆ. ಒಂದು ಈಗಿನೋರದ್ದು, ಇನ್ನೊಂದು ಹಿಂದಿನೋರು ಬಿಚ್ಚಿಕೊಳ್ಳೋದು ಮರೆತದ್ದು. ಮೊದಲು ಡ್ರೈವರಣ್ಣ ಹಾರ್ನ್ ಹೊಡೀತಿದ್ದ, ಹುಡುಗ್ರು ಬಂದು ಹತ್ತೋರು. ಈಗ ಓಟಿಪಿ ಬರಬೇಕು. ತೋಟದ ಮಧ್ಯೆ ಟವರ್ ಸಿಗಲ್ಲ. ಓಟಿಪಿ ಬರೋಷ್ಟರಲ್ಲಿ ಹತ್ತು ನಿಮಿಷ ಲೇಟು, ಲೇಟಿಗೆ ದಂಡ. ಆ ದಂಡ ಮೇಲಿಂದ ನಮ್ಮ ತನಕ ಇಳಿಯೋವಾಗ ಒಂದು ಪೈಸೆ ಕಮ್ಮಿಯಾಗಲ್ಲ. ಬಾಡಿಗೆ ದುಡ್ಡು ಇಳಿಯೋವಾಗ ಮಾತ್ರ ಮೆಟ್ಟಿಲು ಮೆಟ್ಟಿಲಿಗೂ ಸವೀತದೆ.

ಆ ದುಡ್ಡು ಎಷ್ಟು ದಿನಕ್ಕೆ ಬರುತ್ತದೆ?

ಬಂಕಿನೋನು ಡೀಸೆಲ್ ಕಾಸು ಇವತ್ತೇ ಕೇಳ್ತಾನೆ. ನಮ್ಮ ಬಿಲ್ಲು ಅರವತ್ತು ದಿನ, ತೊಂಬತ್ತು ದಿನ. 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ ಸಣ್ಣೋರಿಗೆ 45 ದಿನದೊಳಗೆ ಕೊಡಬೇಕು ಅಂತಿದೆ. ತಡ ಆದ್ರೆ ಬಡ್ಡಿನೂ ಸೇರಿಸಿ ಕೊಡಬೇಕು. ಓನರಣ್ಣನ ಉದ್ಯಮ್ ಸರ್ಟಿಫಿಕೇಟು ನನ್ನ ಡ್ಯಾಶ್‌ಬೋರ್ಡಲ್ಲೇ ಇದೆ, ದೇವರ ಫೋಟೋ ಪಕ್ಕದಲ್ಲಿ. ಹೊರಗೆ ತೆಗೆದು ತೋರಿಸಿದ್ರೆ ಬಡ್ಡಿ ಬರೋದು ಆಮೇಲೆ, ರೂಟ್ ಹೋಗೋದು ಮೊದಲು.

ಈ ಮೆಟ್ಟಿಲುಗಳ ಮಾತು ಕೇಳಿದರೆ 2020ರ ಡಿಸೆಂಬರ್ 12 ನೆನಪಾಗುತ್ತದೆ.

(ಸ್ವಲ್ಪ ಹೊತ್ತು ಎಂಜಿನ್ ಆಫ್ ಮಾಡಿ) ನರಸಾಪುರದ ವಿಸ್ಟ್ರಾನ್ ಗಲಾಟೆ. ಐಫೋನ್ ಜೋಡಿಸೋ ಕಾರ್ಖಾನೆ, ಹುಡುಗ್ರು ಬಹುಪಾಲು ಏಜೆನ್ಸಿಗಳ ಮೂಲಕ ಸೇರಿದೋರು. ಸಂಬಳ ಸರಿಯಾಗಿ ಬರ್ತಿಲ್ಲ ಅಂತ ಯಾರನ್ನ ಕೇಳಬೇಕೋ ಗೊತ್ತಾಗಲಿಲ್ಲ, ಗಾಜು ಒಡೆದ್ರು. ಒಡೆದದ್ದು ತಪ್ಪೇ. ಆಮೇಲೆ ಆಪಲ್‌ನೋರು ವಿಸ್ಟ್ರಾನ್ ಕಂಪನಿನ ಪ್ರೊಬೇಷನ್ ಮೇಲೆ ಇಟ್ರಲ್ಲ, ಅಂದ್ರೆ ತಪ್ಪು ಬರೀ ಕಲ್ಲು ಹೊಡೆದೋರದ್ದಲ್ಲ. 2023ರಲ್ಲಿ ಟಾಟಾದೋರು ಕೊಂಡ್ರು. ಗೇಟಿಗೂ ಸ್ಟಿಕ್ಕರ್ ಬದಲಾಗುತ್ತೆ ಅಂತ ಅವತ್ತು ನನಗೂ ಸಮಾಧಾನ ಆಯ್ತು.

ರಾಜ್ಯದ ಕಾರ್ಖಾನೆಗಳಲ್ಲಿ ಮಹಿಳೆಯರಿಗೆ ರಾತ್ರಿ ಪಾಳಿಯ ಅನುಮತಿ ಸಿಕ್ಕಿದ್ದು 2019ರ ನವೆಂಬರ್‌ನಲ್ಲಿ. ವಾಹನ ಕೊಡಲೇಬೇಕೆಂಬ ಷರತ್ತೂ ಇದೆ. ಇದರಲ್ಲಿ ಯಾವ ಕಂಪನಿ ವಾಸಿ?

ನಾಲ್ಕೂ ಜನ ಮನೆ ಬಾಗಿಲಿಗೆ ಡ್ರಾಪ್ ಅಂತಲೇ ಬರೆದಿದ್ರು. ಆದ್ರೆ ಕಿಲೋಮೀಟರ್ ಲೆಕ್ಕ ಹಾಕಿದ್ದು ಕ್ರಾಸ್ ತನಕ. ಕ್ರಾಸಿಂದ ಊರೊಳಗಿನ ಕತ್ತಲೆ ಯಾರ ಕೊಟೇಷನ್‌ನಲ್ಲೂ ಇರಲಿಲ್ಲ. ನನ್ನ ಮೈ ಆ ಓಣಿಯಲ್ಲಿ ತಿರುಗಲ್ಲ. ಅದಕ್ಕೆ ಡ್ರೈವರಣ್ಣ ಹೆಡ್‌ಲೈಟ್ ಓಣಿ ಕಡೆ ತಿರುಗಿಸಿ, ಆ ಹುಡುಗಿ ಮನೆ ಬಾಗಿಲು ತೆಗೆಯೋ ತನಕ ನಿಲ್ತಾನೆ. ಆ ಐದು ನಿಮಿಷ ಆ್ಯಪಲ್ಲಿ ಅನಧಿಕೃತ ನಿಲುಗಡೆ ಅಂತ ಕೆಂಪಗೆ ಬೀಳುತ್ತೆ. ಮೂರು ಕೆಂಪಾದ್ರೆ ಅವನ ರೇಟಿಂಗ್ ಇಳಿಯುತ್ತೆ. ರೇಟಿಂಗ್ ಚೆನ್ನಾಗಿರೋ ಡ್ರೈವರ್ ಒಬ್ಬ ಇದ್ದಾನೆ. ಕ್ರಾಸಲ್ಲಿ ಇಳಿಸಿ, ಬಟನ್ ಒತ್ತಿ, ಹೊರಟುಬಿಡ್ತಾನೆ.

ಹಗಲು ಖಾಲಿ ವಾಪಸ್ ಬರುವಾಗ ಊರವರನ್ನು ಹತ್ತಿಸಿಕೊಳ್ಳಬಹುದಲ್ಲ?

ಅಯ್ಯೋ, ನಂದು ಕಾಂಟ್ರಾಕ್ಟ್ ಕ್ಯಾರೇಜ್ ಪರ್ಮಿಟ್. ದಾರೀಲಿ ಒಬ್ಬೊಬ್ಬರನ್ನ ಹತ್ತಿಸಿ ಇಳಿಸೋದು ಸ್ಟೇಜ್ ಕ್ಯಾರೇಜ್ ಕೆಲಸ. ನಾನು ಮಾಡಿದ್ರೆ ಆರ್‌ಟಿಒ ಹಿಡೀತಾರೆ. ಕ್ರಾಸಲ್ಲಿ ಒಬ್ಬ ಅಜ್ಜಿ ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ನನಗೂ ಆಧಾರ್ ಕಾರ್ಡ್ ತೋರಿಸ್ತಾಳೆ. ಇಪ್ಪತ್ತಾರು ಸೀಟೂ ಖಾಲಿ ಇಟ್ಕೊಂಡು ಅವಳ ಮುಂದೆ ಹಾದು ಹೋಗ್ತೀನಿ. ಇದಕ್ಕೆ ಕಂಪನಿ ಭಾಷೇಲಿ ಡೆಡ್ ಮೈಲೇಜ್ ಅಂತಾರೆ. ಅದರ ಡೀಸೆಲ್ಲೂ ಓನರಣ್ಣಂದೇ.

ದೊಡ್ಡ ಸಾಹೇಬರ ವಿಮಾನ ಪ್ರಯಾಣ ನೋಡಿಕೊಳ್ಳುವ ಕಂಪನಿಗಳ ಬಗ್ಗೆ ನಿಮ್ಮ ಅಭಿಪ್ರಾಯ?

ಅಲ್ಲೂ ಸ್ಟಿಕ್ಕರೇ ಅಲ್ವಾ? ಅಮೆರಿಕನ್ ಎಕ್ಸ್‌ಪ್ರೆಸ್ ಗ್ಲೋಬಲ್ ಬಿಸಿನೆಸ್ ಟ್ರಾವೆಲ್‌ನೋರು 2025ರಲ್ಲಿ ಸಿಡಬ್ಲ್ಯುಟಿಯೋರನ್ನ ಕೊಂಡ್ರಂತೆ. ಹಿಂದಿನ ದಿನ ಇಬ್ಬರನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದೋರ ಎಕ್ಸೆಲ್ ಹಾಳೆ ಏನಾಯ್ತೋ. ಕೇಂದ್ರ ಸರ್ಕಾರದೋರಿಗೆ ಈ ತಲೆನೋವು ಕಮ್ಮಿ. ವಿಮಾನದ ಟಿಕೆಟ್ ಬೇಕಾದ್ರೆ ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ, ಮೂರರಲ್ಲಿ ಒಂದು.

ಈ ಉದ್ಯಮದ ಮೂಲಪುರುಷ ಥಾಮಸ್ ಕುಕ್, 1841ರ ಜುಲೈ 5ರಂದು ಇಂಗ್ಲೆಂಡಿನ ಲೆಸ್ಟರ್‌ನಿಂದ ಲಫ್‌ಬರೋಗೆ ಸುಮಾರು 500 ಜನರನ್ನು ರೈಲಿನಲ್ಲಿ ಕರೆದೊಯ್ದ. ತಲೆಗೆ ಒಂದು ಶಿಲ್ಲಿಂಗ್. ಮದ್ಯಪಾನ ವಿರೋಧಿ ಸಭೆಗೆ.

ಕುಡಿಯದ ಪ್ಯಾಸೆಂಜರು, ಕೈಗೆ ನಗದು! ಅಂಥ ಕಾಂಟ್ರಾಕ್ಟ್ ನರಸಾಪುರದಲ್ಲಿ ಯಾರೂ ಕರೆದಿಲ್ಲ ಕಣಣ್ಣ. ಈಗ ಹೆಂಗಿದ್ದಾರೆ ಅವರು?

ಆ ಬ್ರಿಟಿಷ್ ಕಂಪನಿ 2019ರ ಸೆಪ್ಟೆಂಬರ್‌ನಲ್ಲಿ ಮುಳುಗಿತು.

ಬಾಕಿ ಬಿಲ್ಲು ಜಾಸ್ತಿ ಆಗಿರಬೇಕು, ಪಾಪ.

ಕೊನೆಯದಾಗಿ, ಎಚ್‌ಆರ್‌ನವರಿಗೆ ಏನು ಹೇಳುತ್ತೀರಿ?

ಮುಂದಿನ ಸಲ ಹಾಳೆಯಲ್ಲಿ ಎರಡು ಕಾಲಂ ಜಾಸ್ತಿ ಹಾಕಿ. ಡ್ರೈವರ್ ಕೈಗೆ ದುಡ್ಡು ಯಾವ ತಾರೀಖಿಗೆ ಸೇರುತ್ತೆ, ರಾತ್ರಿ ಹುಡುಗಿ ಇಳಿಯೋ ಜಾಗದಿಂದ ಅವಳ ಮನೆ ಎಷ್ಟು ದೂರ. ಇದಕ್ಕೆ ಉತ್ತರ ಬರೆಯೋರಿಗೆ ಕಾಂಟ್ರಾಕ್ಟ್ ಕೊಡಿ, ರೇಟು ಎರಡು ರೂಪಾಯಿ ಜಾಸ್ತಿ ಆದ್ರೂ ಸರಿ. ಅಂಕ ಹಾಕೋಕೆ ಮುಂಚೆ ಒಂದು ದಿನ ನೀವೇ ಬನ್ನಿ. ಬೆಳಗಿನ ಪಾಳಿಗೆ ಹುತ್ತೂರಿಂದ ನಾಲ್ಕೂವರೆಗೆ ಹೊರಡ್ತೀನಿ. ಕೊನೇ ಸೀಟಲ್ಲಿ ಕೂತ್ಕೊಳ್ಳಿ. ಓಟಿಪಿ ಕೇಳಲ್ಲ.