ಐನೂರು ಕಿಲೋ ಕಾರು, ನೂರು ಕಿಲೋ ನಾನು

ನಲವತ್ತೈದು ದಾಟಿದ ಗಂಡಸಿಗೆ ಸಕ್ಕರೆ ಕಾಯಿಲೆಯಾದರೂ ಬರುತ್ತದೆ, ಇಲ್ಲಾ ಸ್ಪೋರ್ಟ್ಸ್ ಕಾರಿನ ಹುಚ್ಚಾದರೂ ಹಿಡಿಯುತ್ತದೆ. ನನಗೆ ಎರಡೂ ಒಂದೇ ವರ್ಷ ವಕ್ಕರಿಸಿದವು. ಮೊದಲನೆಯದಕ್ಕೆ ಬೀದರಿನಲ್ಲಿ ಡಾಕ್ಟರಿದ್ದಾರೆ. ಎರಡನೆಯದರ ಚಿಕಿತ್ಸೆಯನ್ನು ನಮ್ಮೂರು ಎಕಂಬಾದಲ್ಲಿ ನನ್ನ ಹೆಂಡತಿಯೇ ನೋಡಿಕೊಳ್ಳುತ್ತಾಳೆ, ಬಾಯಿಂದಲೇ.

ನಗಬೇಡಿ. ನಿಮ್ಮ ಮನೆಯಲ್ಲೂ ಒಂದು ಇದ್ದೇ ಇರುತ್ತದೆ. ಬಟ್ಟೆ ಒಣಹಾಕುವ ಟ್ರೆಡ್‌ಮಿಲ್ಲೋ, ತಂತಿ ಹರಿದ ಗಿಟಾರೋ, ನಾಳೆ ರಿಪೇರಿ ಮಾಡುತ್ತೇನೆಂದು ಬಿಚ್ಚಿಟ್ಟು ಮಕ್ಕಳ ಮದುವೆಯಾದರೂ ಕೂಡದ ಮಿಕ್ಸರೋ. ನನ್ನದಕ್ಕೆ ನಾಲ್ಕು ಚಕ್ರ ಇವೆ, ಅಷ್ಟೇ.

ಹುಚ್ಚಿನ ಬೀಜ ಬಿದ್ದದ್ದು ಕಾಲೇಜಿನಲ್ಲಿ. ಬೆಂಗಳೂರಿನ ಸ್ಯಾನ್ ಕಂಪನಿಯವರು 1998ರ ಹೊತ್ತಿಗೆ ಸ್ಟಾರ್ಮ್ ಅಂತ ಎರಡು ಸೀಟಿನ, ಫೈಬರ್ ಮೈಯ ಪುಟ್ಟ ಕಾರು ತಂದಿದ್ದರು. ಗೋವಾದಲ್ಲಿ ತಯಾರಿ, ರೆನೋ ಎಂಜಿನು. ಅದರ ಚಿತ್ರ ಕತ್ತರಿಸಿ ಟ್ರಂಕಿನ ಮುಚ್ಚಳಕ್ಕೆ ಅಂಟಿಸಿಕೊಂಡಿದ್ದೆ. ಆ ಮೇಲೆ ಮದುವೆಯಾಯಿತು, ಟ್ರಂಕಿನ ತುಂಬ ಸೀರೆ ಬಂದವು, ಮುಚ್ಚಳ ತೆಗೆಯುವ ಅಧಿಕಾರ ಹೋಯಿತು.

ಬೀಜ ಮೊಳೆತದ್ದು ಕಾಲಿನ್ ಚಾಪ್ಮನ್ ಎಂಬ ಇಂಗ್ಲಿಷಿನವನ ಕಥೆ ಓದಿದ ಮೇಲೆ. ಆತ 1957ರಲ್ಲಿ ಲೋಟಸ್ ಸೆವೆನ್ ಎಂಬ ಗಾಡಿ ಮಾಡಿದ. ಬಾಗಿಲಿಲ್ಲ, ಚಾವಣಿಯಿಲ್ಲ. ಕಬ್ಬಿಣದ ಪೈಪಿನ ಪಂಜರ, ಮೇಲೆ ಅಲ್ಯೂಮಿನಿಯಂ ತಗಡು, ಮುಂದೆ ಎಂಜಿನು, ಹಿಂಚಕ್ರಕ್ಕೆ ತಾಗಿದಂತೆ ಇಬ್ಬರಿಗೆ ಜಾಗ. ಜೋರು ಓಡಬೇಕೆಂದರೆ ಎಂಜಿನ್ ದೊಡ್ಡದು ಮಾಡಬೇಡ, ತೂಕ ಇಳಿಸು ಎಂಬುದು ಅವನ ಧರ್ಮ. ಎಂಜಿನ್ ದೊಡ್ಡದಾದರೆ ನೇರ ದಾರಿಯಲ್ಲಷ್ಟೇ ಲಾಭ. ತೂಕ ಇಳಿದರೆ ತಿರುವಿನಲ್ಲೂ ಲಾಭ, ಬ್ರೇಕಿನಲ್ಲೂ ಲಾಭ. ಸೆವೆನ್‌ನ ಬಿಡಿಭಾಗ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಆಗ ಆ ದೇಶದಲ್ಲಿ ಖರೀದಿ ತೆರಿಗೆ ಇರಲಿಲ್ಲ. ಆದರೆ ಜೋಡಿಸುವ ವಿಧಾನದ ಪುಸ್ತಕ ಜೊತೆಗೆ ಕೊಡಕೂಡದು ಅಂತ ಕಾನೂನು. ಅದಕ್ಕೆ ಲೋಟಸ್‌ನವರು ಬಿಚ್ಚುವ ವಿಧಾನದ ಪುಸ್ತಕ ಕೊಟ್ಟರಂತೆ, ಹಿಂದಿನಿಂದ ಓದಿಕೊಳ್ಳಿ ಅಂತ. ನನಗೆ ಈ ಕಥೆಯೇ ಧೈರ್ಯ ಕೊಟ್ಟದ್ದು. ಬಿಚ್ಚುವುದರಲ್ಲಿ ನಾನು ಮೊದಲಿನಿಂದಲೂ ಹುಷಾರು.

ಚಾಪ್ಮನ್‌ನ ಆ ಗಾಡಿಯನ್ನು 1973ರಿಂದ ಕೇಟರ್‌ಹ್ಯಾಮ್ ಎಂಬ ಕಂಪನಿ ಮಾಡುತ್ತಿದೆ. 2013ರಲ್ಲಿ ಅವರು ತಂದ ಒಂದು ಮಾದರಿಗೆ ಸುಜುಕಿಯ 660 ಸಿಸಿ, ಮೂರು ಸಿಲಿಂಡರಿನ ಎಂಜಿನು. ಒಟ್ಟು ತೂಕ 490 ಕಿಲೋ. ಇದನ್ನು ಓದಿ ತಲೆ ಎತ್ತಿ ಅಂಗಳ ನೋಡಿದೆ. ಬೇವಿನ ಮರದ ಕೆಳಗೆ, ಕೋಳಿಗಳು ಮೊಟ್ಟೆ ಇಡುತ್ತಿದ್ದ ನಮ್ಮ ಹಳೇ ಓಮ್ನಿ ನಿಂತಿತ್ತು. 796 ಸಿಸಿ, ಮೂರು ಸಿಲಿಂಡರು, ಅದೇ ಸುಜುಕಿ ಮನೆತನ. ಇಂಗ್ಲೆಂಡಿನ ಆ ಕಾರು ನಮ್ಮ ಓಮ್ನಿಗೆ ದಾಯಾದಿ! ಅಷ್ಟೇ ಅಲ್ಲ, ಮಾರುತಿ 800 ಮುಂಚಕ್ರ ಎಳೆಯುವ ಗಾಡಿ; ಓಮ್ನಿಯಲ್ಲಿ ಎಂಜಿನು ಉದ್ದಕ್ಕೆ ಮಲಗಿ ಹಿಂಚಕ್ರ ತಿರುಗಿಸುತ್ತದೆ. ಸೆವೆನ್‌ಗೆ ಬೇಕಾದದ್ದು ಥೇಟ್ ಅದೇ. ಕುದುರೆ ಶಕ್ತಿ ಮೂವತ್ತೈದರ ಆಸುಪಾಸು ಎಂಬ ಮಾತನ್ನು ಮನೆಯಲ್ಲಿ ಎತ್ತಲಿಲ್ಲ.

ಖರ್ಚಿನ ಮಾತು ಬಂತು. ರಾನ್ ಚಾಂಪಿಯನ್ ಎಂಬಾತ 1996ರಲ್ಲಿ, ಬರೀ 250 ಪೌಂಡಿನಲ್ಲಿ ನಿಮ್ಮ ಸ್ಪೋರ್ಟ್ಸ್ ಕಾರು ನೀವೇ ಮಾಡಿಕೊಳ್ಳಿ ಎಂದು ಪುಸ್ತಕ ಬರೆದಿದ್ದಾನೆ. ಹೆಂಡತಿಗೆ 250 ಎಂದೆ. ಪೌಂಡ್ ಎಂಬುದು ಗಂಟಲಲ್ಲೇ ಉಳಿಯಿತು.

"ಇನ್ನೂರೈವತ್ತ್ ರೂಪಾಯ್ದಾಗ ಗಾಡಿ ಆಗ್ತದೇನ್ರಿ? ಹಂಗಾದ್ರ ಎರಡ್ ಮಾಡ್ರಿ" ಅಂದಳು.

ದನದ ಕೊಟ್ಟಿಗೆ ಕಾರ್ಖಾನೆಯಾಯಿತು. ಅಪ್ಪನ ದೇವಣಿ ಎತ್ತುಗಳು ಬೇವಿನ ಕೆಳಗೆ ಬಂದವು, ಓಮ್ನಿ ಒಳಗೆ ಹೋಯಿತು. ಅಪ್ಪ ಈವರೆಗೂ ಅದನ್ನು ಕ್ಷಮಿಸಿಲ್ಲ.

ಪಂಜರ ಬೆಸೆಯಲು ಔರಾದಿನ ಒಬ್ಬ ವೆಲ್ಡರನ್ನು ಕರೆಸಿದೆ. ಟ್ರ್ಯಾಕ್ಟರ್ ಟ್ರಾಲಿ ಮತ್ತು ಗೇಟು ಮಾಡುವುದರಲ್ಲಿ ಪಳಗಿದ ಕೈ. ಪುಸ್ತಕದ ಲೆಕ್ಕದಲ್ಲಿ ಒಂದಿಂಚಿನ ಚೌಕ ಪೈಪು, 16 ಗೇಜು. ಆತ ಅದನ್ನು ಬೆರಳಲ್ಲಿ ಟಣ್ ಎನಿಸಿ ಮರುಕದಿಂದ ನನ್ನ ಮುಖ ನೋಡಿದ. "ಸಾಹೇಬ್ರ, ಇದು ಕಿಡಕಿಗಿ ಹಾಕೋದು. ಒಂದೆರಡ್ ಆ್ಯಂಗಲ್ ಹಾಕ್ತೀನಿ, ಮಜಬೂತ್ ಆಗ್ತದ." ಚಾಪ್ಮನ್ ಧರ್ಮವನ್ನು ತಾಸುಗಟ್ಟಲೆ ಬೋಧಿಸಿದೆ. ಹೌದ್ರಿ, ಬರಾಬರ್ ಅದರಿ ಎಂದು ತಲೆಯಾಡಿಸಿದ. ನಾನು ಚಹಾ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಎರಡು ಆ್ಯಂಗಲ್ ಬೆಸೆದಿದ್ದ.

ನಮ್ಮ ಜಿಲ್ಲೆಯ ಧರ್ಮ ಮಜಬೂತು. ತೂಕ ಇಳಿಸುವವನನ್ನು ಇಲ್ಲಿ ಬಡವ ಅಂದುಕೊಳ್ಳುತ್ತಾರೆ. ಅವ್ವ ಗಾಡಿಯ ಮೂತಿಗೆ ನಿಂಬೆಕಾಯಿ ಮೆಣಸಿನಕಾಯಿ ಕಟ್ಟಿದಳು, ಆ ಮೇಲೆ ಎತ್ತಿನ ಕೊರಳಿಂದ ಹಿತ್ತಾಳೆ ಗಂಟೆ ಬಿಚ್ಚಿ ಅದನ್ನೂ ಕಟ್ಟಿದಳು. ಮಾವ ಬಂದು ಮೇವಿನ ಹೊರೆ ಇಡಲು ಹಿಂದೆ ಕ್ಯಾರಿಯರ್ ಯಾಕಿಲ್ಲ ಎಂದು ಕೇಳಿದರು. ಅಪ್ಪ ಏನನ್ನೂ ಕೇಳಲಿಲ್ಲ. ವೆಲ್ಡರಿಗೆ ಹೇಳಿ ಮುಂದೆ ಹೆಬ್ಬೆರಳು ದಪ್ಪದ ಒಂದು ಕೊಂಡಿ ಹಾಕಿಸಿದ. "ಎತ್ತು ಕಟ್ಲಾಕ ಬೇಕಾಗ್ತದ" ಎಂದ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಗಾಡಿ ಎದ್ದು ನಿಂತ ಮೇಲೆ ಕಾನೂನು ನೆನಪಾಯಿತು. ರಸ್ತೆಗೆ ಇಳಿಯುವ ವಾಹನದ ಮಾದರಿಯನ್ನು ಪುಣೆಯ ಎಆರ್‌ಎಐಯಂಥ ಸಂಸ್ಥೆ ಪರೀಕ್ಷಿಸಿ ಒಪ್ಪಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮ ಹೇಳುತ್ತದೆ. ಕೊಟ್ಟಿಗೆಯಲ್ಲಿ ಹುಟ್ಟಿದ್ದಕ್ಕೆ ಕೆಎ 38 ನಂಬರೂ ಇಲ್ಲ, ಕೆಎ 39 ನಂಬರೂ ಇಲ್ಲ. ಹೊಲದ ದಾರಿಯಲ್ಲಿ ಓಡಿಸಬಹುದು, ರೇಸ್ ಟ್ರ್ಯಾಕಿನಲ್ಲಿ ಓಡಿಸಬಹುದು. ನಡುವಿನ ಇಡೀ ದೇಶದಲ್ಲಿ ಅದನ್ನು ಟೆಂಪೋ ಮೇಲೆ ಹೊರಿಸಬೇಕು. ಅಪ್ಪ ಇದನ್ನು ಊರಿಗೆಲ್ಲ ಹೀಗೆ ವಿವರಿಸಿದ: "ನಮ್ಮ ಹುಡುಗ ಗಾಡಿ ಮಾಡ್ಯಾನ. ಅದಕ್ಕ ಓಡಾಡ್ಲಾಕ ಇನ್ನೊಂದು ಗಾಡಿ ಬೇಕು."

ಇನ್ನು ಸಾಕಣೆ. ಇಂಥ ಗಾಡಿಯ ಪ್ರತಿ ನಟ್ಟೂ ಸ್ವತಂತ್ರ ವಿಚಾರವಂತ. ಮೂರು ಸಿಲಿಂಡರಿನ ನಡುಕಕ್ಕೆ ಸಡಿಲಾಗುತ್ತಲೇ ಇರುತ್ತದೆ. ಅದಕ್ಕೆ ಬಿಗಿ ಮಾಡಿದ ಮೇಲೆ ನಟ್ಟಿನಿಂದ ಪಂಜರಕ್ಕೆ ಬಣ್ಣದ ಒಂದು ಗೆರೆ ಎಳೆಯುತ್ತಾರೆ. ಗೆರೆ ಮುರಿದರೆ ನಟ್ಟು ತಿರುಗಿದೆ ಎಂದರ್ಥ. ಈ ಕೆಲಸಕ್ಕೆ ಉಗುರು ಬಣ್ಣಕ್ಕಿಂತ ಉತ್ತಮ ವಸ್ತು ಜಗತ್ತಿನಲ್ಲಿಲ್ಲ. ನಾದಿನಿಯ ಮದುವೆಗೆಂದು ತಂದಿಟ್ಟ ಕೆಂಪು ಸೀಸೆಯೊಂದು ಕಪಾಟಿನಲ್ಲಿತ್ತು. ಮದುವೆಯ ದಿನ ಆ ಸೀಸೆಯ ತಳದಲ್ಲಿ ಎರಡು ಬೆರಳಿಗಾಗುವಷ್ಟೇ ಉಳಿದಿತ್ತು. ಹೆಂಡತಿ ಎರಡೇ ಬೆರಳಿಗೆ ಹಚ್ಚಿಕೊಂಡು ಬಂದು, ಕೇಳಿದವರಿಗೆಲ್ಲ ಉಳಿದದ್ದು ಎಲ್ಲಿದೆ ಎಂದು ಹೇಳಿದಳು. ಮದುಮಗನಿಗಿಂತ ಹೆಚ್ಚು ಜನ ನನ್ನನ್ನೇ ನೋಡಿದರು.

ಸೈಲೆನ್ಸರ್ ಪೈಪು ಪಕ್ಕದಲ್ಲೇ ಹಾಯ್ದಿದೆ, ಇಳಿಯುವವನ ಮೀನಖಂಡಕ್ಕೆ ಸರಿಯಾಗಿ. ಇಂಗ್ಲೆಂಡಿನಲ್ಲೂ ಸೆವೆನ್ ಇಟ್ಟುಕೊಂಡವರ ಕಾಲಲ್ಲಿ ಇದೇ ಬರೆ ಇರುತ್ತದೆ, ಇದು ನಮ್ಮ ಪಂಥದ ಗುರುತು ಎಂದೆ. ಅವ್ವ ಪಂಥದ ಗುರುತಿನ ಮೇಲೆ ಅರಿಶಿಣ ಮೆತ್ತಿದಳು.

ಹತ್ತುವುದು ಇಳಿಯುವುದಕ್ಕಿಂತ ಕಷ್ಟ. ಬಾಗಿಲಿಲ್ಲದ್ದರಿಂದ ಮೇಲಿಂದ ಕಾಲು ತೂರಿಸಿ ಜಾರಬೇಕು. ಸ್ಟೀರಿಂಗ್ ಅಡ್ಡ ಬರುತ್ತದೆಂದು ರೇಸಿನವರ ಪದ್ಧತಿಯಂತೆ ಅದನ್ನು ಬಿಚ್ಚುವ ಹಾಗೆ ಮಾಡಿಸಿದ್ದೆ. ಒಂದು ಗುಂಡಿ ಎಳೆದರೆ ಚಕ್ರ ಕೈಗೆ ಬರುತ್ತದೆ. ಬಹಳ ಶೋಕಿ. ಅದನ್ನು ಕಂಕುಳಲ್ಲಿಟ್ಟುಕೊಂಡು ಊರಲ್ಲಿ ಅಡ್ಡಾಡುತ್ತಿದ್ದೆ, ಚಹಾ ಕುಡಿಯುವಾಗ ಜನರಿಗೆ ಕಾಣುವಂತೆ ಮೇಜಿನ ಮೇಲೆ ಇಡುತ್ತಿದ್ದೆ.

ಆ ವರ್ಷ ಎಳ್ಳಮಾವಾಸ್ಯೆಗೆ ಬೀದರ್, ಭಾಲ್ಕಿ, ಉದಗೀರ ಎಲ್ಲಾ ಕಡೆಯ ಬೀಗರು ನಮ್ಮ ಹೊಲಕ್ಕೆ ಬಂದರು. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ನೆಪ. ಅಸಲು ಬಂದದ್ದು ಕಾರು ನೋಡಲಿಕ್ಕೆ, ಎಂದು ನಾನು ತಿಳಿದಿದ್ದೆ. ಹೊಸ ಅಂಗಿ ತೊಟ್ಟು ಜಾರಿ ಕೂತೆ. ಸುತ್ತ ಮಂದಿ, ಮೊಬೈಲುಗಳು ಮೇಲೆದ್ದವು. ಕೈ ಚಾಚಿದರೆ ಸ್ಟೀರಿಂಗ್ ಇಲ್ಲ. ದೂರದಲ್ಲಿ ಕೊಂಪೆಯ ಹತ್ತಿರ ನೋಡುತ್ತೇನೆ, ದುಂಡು ತಳದ ಅಂಬಲಿ ಗಡಿಗೆ ಅದರ ಮೇಲೆ ಸಿಂಬಿಯ ಮೇಲೆ ಕೂತ ಹಾಗೆ ಅಲುಗದೆ ಕೂತಿದೆ.

"ಅದನ್ನ ಕೊಡs" ಎಂದು ಹೆಂಡತಿಗೆ ಕೂಗಿದೆ.

"ಅಂಬಲಿ ಮುಗೀಲಿ, ಕೊಡ್ತೀನಿ. ಎಟ್ಟ್ ಬರಾಬರ್ ಕುಂತದ ನೋಡ್ರಿ!"

ಅಂಬಲಿ ಮುಗಿಯುವುದು ಹಬ್ಬದ ದಿನ ಹೊತ್ತು ಇಳಿದ ಮೇಲೆ. ಅಲ್ಲಿಯವರೆಗೆ ಖಾಲಿ ಕೈ ಚಾಚಿಕೊಂಡು ಫೋಟೋಕ್ಕೆ ಕೂತೆ. ಆ ಫೋಟೋಗಳಲ್ಲಿ ನಾನು ಕಣ್ಣಿಗೆ ಕಾಣದ ರೊಟ್ಟಿ ತಟ್ಟುತ್ತಿದ್ದೇನೆ.

ಟ್ರ್ಯಾಕಿಗೆ ಹೋಗುವ ಮೊದಲು ತೂಕ ಗೊತ್ತಾಗಬೇಕಿತ್ತು. ಸೋಯಾ ತೊಗರಿ ತೂಗುವ ಒಂದು ವೇಬ್ರಿಜ್ಜಿಗೆ ಟ್ರಾಲಿ ಮೇಲೆ ಒಯ್ದೆ. ಘನತೆಯಿಂದ ಹೋಗೋಣವೆಂದು ಕಾರಿನಲ್ಲೇ ಕೂತಿದ್ದೆ. ಕಿಟಕಿಯೊಳಗಿನ ಹುಡುಗ ನನ್ನನ್ನೂ ಗಾಡಿಯನ್ನೂ ಒಂದೇ ನೋಟದಲ್ಲಿ ಮುಗಿಸಿ, ಟ್ರಾಲಿಯ ತೂಕ ಕಳೆದು ಚೀಟಿ ಕೊಟ್ಟ. ಮಾಲು ಎಂಬ ಕಡೆ ಭಂಗಾರ, ಅಂದರೆ ಗುಜರಿ, ಎಂದು ಬರೆದಿತ್ತು. ತೂಕ 640 ಕಿಲೋ.

ಅದರಲ್ಲಿ ನೂರು ನಾನು.

ಆ ಚೀಟಿ ಫ್ರಿಜ್ಜಿನ ಮೇಲೆ ಅಂಟಿತು. ಹೆಂಡತಿ ಗಾಡಿಗಳ ಶಾಸ್ತ್ರವನ್ನು ನನ್ನ ಬಾಯಿಂದ ಕೇಳಿ ಕೇಳಿ ಬಾಯಿಪಾಠ ಮಾಡಿದ್ದಳು. "ಐನೂರಾ ನಲವತ್ತು ಕಬ್ಬಿಣ ಅದ, ಅದನ್ನ ಕಡೀಲಾಕ ಬರಲ್ಲ. ನೀವರೆ ಕಮ್ಮಿ ಆಗ್ರಿ" ಎಂದು ತಟ್ಟೆಯಿಂದ ಒಂದು ರೊಟ್ಟಿ ಎತ್ತಿದಳು. ಡಾಕ್ಟರು ವರ್ಷದಿಂದ ಹೇಳಿದ್ದು ಆಗಿರಲಿಲ್ಲ. ಚಾಪ್ಮನ್ ಒಂದೇ ರಾತ್ರಿಯಲ್ಲಿ ಮಾಡಿಸಿದ.

ಟ್ರ್ಯಾಕು ಎಂದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ಎಕಂಬಾದಿಂದ ಸಾವಿರ ಕಿಲೋಮೀಟರು ಮೀರಿದ ದಾರಿ. ಹತ್ತಿರದ ಹೈದರಾಬಾದಿನಲ್ಲಿ 2023ರ ಫೆಬ್ರುವರಿಯಲ್ಲಿ ಹುಸೇನ್ ಸಾಗರದ ದಂಡೆಗೆ ಫಾರ್ಮುಲಾ ಇ ರೇಸೇ ನಡೆಯಿತು, ಆದರೆ ಅದು ಊರ ಬೀದಿ. ನನಗಾಗಿ ಇನ್ನೊಮ್ಮೆ ಮುಚ್ಚುವುದಿಲ್ಲ. ಕರಿ ಎಂಬುದು 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಎಸ್. ಕರಿವರ್ಧನ್ ಅವರ ನೆನಪಿನ ಹೆಸರು. ಮಾರುತಿ ಎಂಜಿನ್ ಇಟ್ಟು ಒಂಟಿ ಸೀಟಿನ ರೇಸ್ ಕಾರು ಕಟ್ಟಿದ ಪುಣ್ಯಾತ್ಮ. 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕನಾದ ನಾರಾಯಣ್ ಕಾರ್ತಿಕೇಯನ್ ಶುರು ಮಾಡಿದ್ದು ಫಾರ್ಮುಲಾ ಮಾರುತಿಯಲ್ಲೇ. ಅದೇ ಎಂಜಿನು ಎಂದು ನಾನು ದಾರಿಯುದ್ದಕ್ಕೂ ಟೆಂಪೋ ಡ್ರೈವರಿಗೆ ಹೇಳಿದೆ. ಆತ ಪ್ರತಿ ಸಲವೂ ಹಾಡಿನ ಸದ್ದು ಏರಿಸಿದ. ಹೆಂಡತಿ ನಡುವೆ ಕೂತಿದ್ದಳು. ಊಟಿ ತೋರಿಸುತ್ತೇನೆಂದು ಒಪ್ಪಿಸಿ ಕರೆತಂದಿದ್ದೆ.

ತಪಾಸಣೆಗೆ ಬಂದ ಹುಡುಗ ಗಂಟೆ ಬಿಚ್ಚಿಸಿದ, ನಿಂಬೆಕಾಯಿ ಬಿಚ್ಚಿಸಿದ. ಕೆಟ್ಟು ನಿಂತರೆ ಎಳೆಯಲು ಕೊಂಡಿ ಇದೆಯೇ ಎಂದು ಬಗ್ಗಿ ನೋಡಿ, ಇಷ್ಟು ಗಟ್ಟಿಯಾದ್ದನ್ನು ತಾನು ನೋಡೇ ಇಲ್ಲ ಎಂದ. ಅಪ್ಪನಿಗೆ ಫೋನ್ ಮಾಡಿ ಹೇಳುವ ದೊಡ್ಡತನ ನನ್ನಲ್ಲಿರಲಿಲ್ಲ. ಹೆಂಡತಿ ಮಾಡಿ ಹೇಳಿದಳು.

ಸುತ್ತು ಎರಡು ಕಿಲೋಮೀಟರು ಚಿಲ್ಲರೆ. ನೆಲಕ್ಕೆ ಅಂಟಿ ಕೂತಾಗ ಐವತ್ತು ನೂರೈವತ್ತಾಗಿ ಕಾಣುತ್ತದೆ. ನಾನು ಲೋಕದ ಅತಿ ವೇಗದ ಮನುಷ್ಯನಾಗಿದ್ದೆ. ತಿರುವಿನಲ್ಲಿ ನಿಂತ ಹುಡುಗನೊಬ್ಬ ನನ್ನ ಕಡೆ ನೀಲಿ ಬಾವುಟ ಬೀಸಿದ. ಅಭಿಮಾನ ಎಂದುಕೊಂಡು ಕೈ ಬೀಸಿದೆ. ಮತ್ತೆ ಬೀಸಿದ, ಮತ್ತೆ ಬೀಸಿದೆ. ಹಿಂದೆ ನಿನಗಿಂತ ಜೋರಾದ ಗಾಡಿ ಬಂದಿದೆ, ದಾರಿ ಬಿಡು ಎಂದು ಅದರರ್ಥ. ನನ್ನ ಹಿಂದೆ ಒಂದಲ್ಲ, ಸಾಲೇ ಇತ್ತು. ಅದು ತಿಳಿದ ಗಾಬರಿಯಲ್ಲಿ ತಿರುವಿನ ನಡುವೆ ಬ್ರೇಕ್ ತುಳಿದೆ. ನೇರಕ್ಕೆ ತುಳಿಯಬೇಕಾದ್ದು ಬ್ರೇಕು. ಹಿಂಚಕ್ರಗಳು ಮುಂದೆ ಬಂದವು, ನಾನು ಹುಲ್ಲಿನಲ್ಲಿ ಬಂದ ದಾರಿಗೇ ಮುಖ ಮಾಡಿ ನಿಂತೆ. ಅಪ್ಪನ ಕೊಂಡಿಗೆ ಹಗ್ಗ ಹಾಕಿ ಎಳೆದು ತಂದರು.

"ಸರೀರಿ, ನಾ ಒಂದ್ ಸುತ್ತ್ ನೋಡ್ತೀನಿ" ಎಂದು ಹೆಂಡತಿ ಹೆಲ್ಮೆಟ್ ಕಿತ್ತುಕೊಂಡಳು. ಸೆರಗು ಸಿಕ್ಕೀತೆಂದು ಟ್ರ್ಯಾಕಿನವರು ತಕರಾರು ತೆಗೆಯುವ ಮೊದಲೇ, ಊಟಿಯ ಚಳಿಗೆಂದು ತಂದಿದ್ದ ಮಗಳ ಪ್ಯಾಂಟು ಸ್ವೆಟರು ತೊಟ್ಟು ಬಂದಿದ್ದಳು. ನಾನು ಮರೆತಿದ್ದೆ: ಆ ಓಮ್ನಿಯಲ್ಲಿ ಮಕ್ಕಳನ್ನು ಕೌಠಾ, ಸಂತಪುರದ ಗುಂಡಿಗಳ ಕಾಲದಲ್ಲಿ ವರ್ಷಗಟ್ಟಲೆ ಸಾಲೆಗೆ ಒಯ್ದವಳು ಅವಳೇ. ಅದು ಯಾವ ಏರಿಗೆ ಕೆಮ್ಮುತ್ತದೆ, ಗೇರು ಯಾವಾಗ ಇಳಿಸಬೇಕು ಎಲ್ಲಾ ಅವಳ ಕಿವಿಗೆ ಗೊತ್ತು. ಮೇಲಾಗಿ ಐವತ್ತೈದು ಕಿಲೋ. ಗಡಿಯಾರ ಹಿಡಿದವನು ನನ್ನ ಸುತ್ತಿಗಿಂತ ಏಳು ಸೆಕೆಂಡು ಕಮ್ಮಿ ಎಂದ. ಗಡಿಯಾರ ಕೆಟ್ಟಿರಬೇಕು ಎಂದೆ. ಮುಂದಿನ ಸುತ್ತಿಗೆ ಒಂಬತ್ತಾಯಿತು.

ಊಟಿಗೆ ಹೋಗಲಿಲ್ಲ. ಅವಳೇ ಬೇಡವೆಂದಳು, ಇನ್ನೊಂದು ಸರ್ತಿ ಟ್ರ್ಯಾಕಿಗೆ ದುಡ್ಡು ಕಟ್ಟಿ ಅಂದಳು.

ಈಗ ಹೊಲದ ದಾರಿಯಲ್ಲಿ ಸಂಜೆ ಅವಳ ಪ್ರಾಕ್ಟೀಸು. ಅಪ್ಪ ಕೆಂಪು ಟವೆಲ್ಲು ಬೀಸಿ ಚಾಲೂ ಮಾಡಿಸುತ್ತಾನೆ, ನಾನು ಟಾರ್ಚು ಹಿಡಿದು ಉಗುರು ಬಣ್ಣದ ಗೆರೆ ನೋಡುತ್ತೇನೆ. ಎಂಜಿನ್ ಸದ್ದು ಕೇಳಿದರೆ ಸಾಕು ಎತ್ತುಗಳು ತಾವೇ ದಾರಿ ಬಿಟ್ಟು ಬದಿಗೆ ಸರಿಯುತ್ತವೆ. ನೀಲಿ ಬಾವುಟದ ಅರ್ಥ ಅವಕ್ಕೆ ನನಗಿಂತ ಬೇಗ ತಿಳಿದಿದೆ. ಬರುವ ತಿಂಗಳು ಅವಳಿಗೆ ಹೊಸ ಟೈರು ನಾಲ್ಕು ಬೇಕಂತೆ. ನನಗೆ ರೊಟ್ಟಿ ಒಂದು ಸಾಕಂತೆ, ಏನರೆ ಆಗಿ ಒಂದು ದಿನ ಪಕ್ಕದ ಸೀಟಿನಲ್ಲಿ ಕೂಡಬೇಕಾದೀತು ಎಂದು.