ಬೀಗದ ಕೈ ಯಾರ ಹತ್ತಿರ?

ಪಕ್ಕದ ಮನೆ ಹುಡುಗನಿಗೆ ಬಿ.ಕಾಂ. ಪರೀಕ್ಷೆ. ಮೊನ್ನೆ ಸಂಜೆ ನಾನು ಬೇಲಿಯ ಹತ್ತಿರ ಕರಿಬೇವು ಕೀಳುತ್ತಿದ್ದರೆ ಆ ಕಡೆಯಿಂದ ಗಟ್ಟಿ ದನಿಯ ಗಿಳಿಪಾಠ. ನಿರ್ವಹಣೆಯಲ್ಲಿ ಮೊದಲ ಕೆಲಸ ಯೋಜನೆ. ಏನು, ಹೇಗೆ, ಯಾವಾಗ, ಯಾರು ಮಾಡಬೇಕು ಅನ್ನುವುದನ್ನು ಮೊದಲೇ ಗೊತ್ತು ಮಾಡಿಕೊಳ್ಳುವುದು. ಹತ್ತು ಸಲ ಹೇಳಿದ. ಹನ್ನೊಂದನೇ ಸಲಕ್ಕೆ ಅವರಮ್ಮ ಒಳಗಿನಿಂದಲೇ, “ನಾಳೆ ಪರೀಕ್ಷೆ, ಇವತ್ತು ಪುಸ್ತಕ ಬಿಚ್ಚಿದಾನೆ ಮಹಾರಾಯ” ಅಂದರು. ನಾನು ನಕ್ಕಿದ್ದು ಕೇಳಿಸಿತೋ ಏನೋ, ಪಾಠ ನಿಂತೇಹೋಯಿತು.

ಪಾಪ, ಅವನದೇನು ತಪ್ಪು? ಪುಸ್ತಕದಲ್ಲಿ ಯೋಜನೆ ಅನ್ನುವುದು ಇಸ್ತ್ರಿ ಮಾಡಿದ ಪಂಚೆಯ ಹಾಗಿರುತ್ತದೆ. ಉಟ್ಟು ನಾಲ್ಕು ಹೆಜ್ಜೆ ನಡೆದ ಮೇಲೆ ತಾನೆ ಅದರ ಗತಿ ಗೊತ್ತಾಗುವುದು, ಅಲ್ವಾ?

ನಮ್ಮ ಚಿಕ್ಕಪ್ಪ ಒಂದು ತಾಲ್ಲೂಕು ಊರಿನ ಬಸ್ ಸ್ಟ್ಯಾಂಡ್ ಎದುರಿಗೆ ಹೋಟೆಲ್ ಇಟ್ಟಿದ್ದರು. ಯೋಜನೆ ಅನ್ನುವ ಮಾತು ಅವರ ಬಾಯಲ್ಲಿ ಬಂದದ್ದು ಪಂಚವಾರ್ಷಿಕ ಯೋಜನೆಯನ್ನು ಬೈಯುವಾಗ ಮಾತ್ರ. ಆದರೆ ದಿನಾ ಮಧ್ಯಾಹ್ನ ಊಟದ ಗಿರಾಕಿಗಳು ಕರಗಿದ ಮೇಲೆ ಉಗ್ರಾಣದ ಬಾಗಿಲಲ್ಲಿ ನಿಂತು ಬೆರಳು ಮಡಚುತ್ತಿದ್ದರು. ಇಡ್ಲಿಯ ಅಕ್ಕಿ, ಉದ್ದು ಆಗ ನೆನೆಯಬೇಕು, ಸಂಜೆ ರುಬ್ಬಬೇಕು, ರಾತ್ರಿಯೆಲ್ಲ ಹುದುಗಬೇಕು. ಅಂದರೆ ನಾಳೆ ಬೆಳಗ್ಗೆ ಏಳಕ್ಕೆ ಎಷ್ಟು ಜನ ಬಂದು ಕೂರುತ್ತಾರೆ ಅನ್ನುವುದನ್ನು ಇವತ್ತು ಮಧ್ಯಾಹ್ನ ಎರಡಕ್ಕೇ ಹೇಳಬೇಕು. ನಾಳೆ ಸಂತೆಯೇ? ಎರಡು ಸೇರು ಜಾಸ್ತಿ. ಏಕಾದಶಿಯೇ? ಅಕ್ಕಿ ಕಮ್ಮಿ, ಉಪ್ಪಿಟ್ಟಿನ ರವೆ ಜಾಸ್ತಿ. ಮುಹೂರ್ತದ ದಿನದ ಲೆಕ್ಕ ಮಾತ್ರ ತಕರಾರಿನದು. ಊರಿನವರೆಲ್ಲ ಮದುವೆಮನೆಯಲ್ಲಿ ಉಣ್ಣುತ್ತಾರೆ ನಿಜ. ಆದರೆ ಪರವೂರಿನ ನೆಂಟರು ಬಸ್ಸಿಳಿದವರೇ ಕಾಫಿ ಹುಡುಕುತ್ತಾರಲ್ಲ! ಅಂಥ ದಿನ ಇಡ್ಲಿಗೆ ಕತ್ತರಿ, ಹಾಲಿಗೆ ಬಡ್ತಿ. ಚಳಿಗಾಲದಲ್ಲಿ ಹಿಟ್ಟು ಮುನಿಸಿಕೊಂಡು ಉಬ್ಬದೆ ಕೂತರೆ ಪಾತ್ರೆಗೆ ಗೋಣಿಚೀಲ ಸುತ್ತುತ್ತಿದ್ದರು, ಮಗುವಿಗೆ ಹೊದಿಸಿದ ಹಾಗೆ.

ಅಂದಾಜು ತಪ್ಪಿ ಹಿಟ್ಟು ಮಿಕ್ಕರೆ? ಹುಳಿ ಬಂದ ಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ ಬಿದ್ದು ಸಂಜೆಗೆ ಗುಳಿಯಪ್ಪ. ಇಡ್ಲಿಯೇ ಮಿಕ್ಕರೆ ಪುಡಿ ಮಾಡಿ ಒಗ್ಗರಣೆ. ಕರಿಹಲಗೆಯ ಮೇಲೆ ‘ಇಂದಿನ ವಿಶೇಷ’ ಅಂತ ದುಂಡಗೆ ಬರೆಯುತ್ತಿದ್ದದ್ದೆಲ್ಲ ತಪ್ಪಿದ ಲೆಕ್ಕ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಷ್ಟುಹೊತ್ತಿಗೆ ಸಾಕಷ್ಟು ವಿಶೇಷ ತಿಂದಾಗಿತ್ತು ಬಿಡಿ. ರವೆ ಇಡ್ಲಿ ಹುಟ್ಟಿದ್ದೂ ಹೀಗೇ ಅಂತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರ ಬಂದಾಗ ಬೆಂಗಳೂರಿನ ಎಂ.ಟಿ.ಆರ್.ನವರು ರವೆಯಲ್ಲಿ ಮಾಡಿ ನೋಡಿದರಂತೆ. ಈಗ ಅಕ್ಕಿ ಬೇಕಾದಷ್ಟಿದೆ, ರವೆ ಇಡ್ಲಿ ಜಾಗ ಬಿಟ್ಟು ಕದಲಿಲ್ಲ ನೋಡಿ.

ಎಲ್ಲಿದ್ದೆ? ಹಾಂ, ಚಿಕ್ಕಪ್ಪ. ಒಂದು ಸಲ ನೆಂಟರ ಮದುವೆಗೆ ಹೊರಟರು. ಎಷ್ಟು ಸೇರು, ಎಷ್ಟು ಹೊತ್ತಿಗೆ, ಯಾರು ರುಬ್ಬಬೇಕು, ಎಲ್ಲ ಎರಡೆರಡು ಸಲ ಹೇಳಿ ಬಸ್ ಹತ್ತಿದರು. ಉಗ್ರಾಣದ ಬೀಗದ ಕೈಯೂ ಅವರ ಉಡಿದಾರದಲ್ಲೇ ಮದುವೆಗೆ ಹೋಯಿತು. ಅಡಿಗೆ ಭಟ್ಟರು ಬೀಗ ಒಡೆಸಬಹುದಿತ್ತು, ಪಕ್ಕದ ಶೆಟ್ಟರ ಅಂಗಡಿಯಿಂದ ಕಡ ತರಬಹುದಿತ್ತು. ಉಹ್ಞೂಂ. “ಯಜಮಾನ್ರು ಹೇಳಿಲ್ವಲ್ಲ” ಅಂತ ಮಾರನೇ ಬೆಳಗ್ಗೆ ಖಾಲಿ ಇಡ್ಲಿ ಪಾತ್ರೆಯ ಪಕ್ಕ ಕೂತು ನೆಮ್ಮದಿಯಾಗಿ ಎಲೆ ಅಡಿಕೆ ಹಾಕಿಕೊಂಡರು. ಅವತ್ತು ಸಂತೆ ಬೇರೆ!

ಈ ಕಥೆಯನ್ನು ಬೇಲಿಯ ಮೇಲಿಂದಲೇ ಹುಡುಗನಿಗೆ ಹೇಳಿದೆ. ನಿನ್ನ ಪುಸ್ತಕದ ಹೆನ್ರಿ ಫಯೋಲ್‌ಗೂ ಇದೇ ಆಗಿತ್ತು ಕಣಪ್ಪಾ ಅಂದೆ. ಅವನು ನಂಬಲಿಲ್ಲ. ಪರೀಕ್ಷೆಗೆ ಬರುವವರಿಗೆಲ್ಲ ಇಂಥ ಫಜೀತಿ ಆಗಿರುವುದಿಲ್ಲ ಅಂತ ಮಕ್ಕಳಿಗೊಂದು ನಂಬಿಕೆ. ಫಯೋಲ್ ಫ್ರಾನ್ಸಿನ ಕೊಮಾಂತ್ರಿಯ ಕಲ್ಲಿದ್ದಲ ಗಣಿಗೆ 1860ರಲ್ಲಿ ಇಂಜಿನಿಯರಾಗಿ ಸೇರಿದವನು, ಇನ್ನೂ 19 ವರ್ಷ. ಮಾರನೇ ವರ್ಷವೇ ಗಣಿಯೊಳಗೆ ದುಡಿಯುವ ಕುದುರೆಯೊಂದು ಕಾಲು ಮುರಿದುಕೊಂಡಿತು. ಬದಲಿ ಕುದುರೆ ಕೊಡಿ ಅಂತ ಇವನು ಚೀಟಿ ಬರೆದುಕೊಟ್ಟ. ಲಾಯದವನು ಆಗಲ್ಲ ಅಂದ: ಡೈರೆಕ್ಟರ ಸಹಿ ಇಲ್ಲ. ಡೈರೆಕ್ಟರು ಊರಲ್ಲಿಲ್ಲ, ತಾವಿಲ್ಲದಾಗ ಇಂಥವರನ್ನು ಕೇಳಿ ಅಂತ ಯಾರನ್ನೂ ಇಟ್ಟುಹೋಗಿಲ್ಲ. ಗೋಗರೆದರೂ ಲಾಯದವನು ಜಗ್ಗಲಿಲ್ಲ; ಕುದುರೆ ದುಡಿಯುತ್ತಿದ್ದ ಅಂತಸ್ತಿನ ಕೆಲಸ ನಿಂತುಹೋಯಿತು. ಫಯೋಲ್ ಇದನ್ನು ದಿನಚರಿಯಲ್ಲಿ ಬರೆದಿಟ್ಟುಕೊಂಡ. ಯೋಜನೆಯನ್ನು ನಿರ್ವಹಣೆಯ ಮೊದಲ ಕೆಲಸ ಅಂತ ಕೂರಿಸಿದ ಅವನ ಪ್ರಸಿದ್ಧ ಬರಹ ಬಂದದ್ದು 1916ರಲ್ಲಿ. 55 ವರ್ಷ ಕುದುರೆ ತಲೆಯಲ್ಲಿ ಕುಂಟುತ್ತಿತ್ತೋ ಏನೋ!

ನನಗೇನೋ ಆ ಲಾಯದವನ ಮೇಲೇ ಪ್ರೀತಿ. ಅವನೂ ನಮ್ಮ ಭಟ್ಟರ ಹಾಗೆ ನೆಮ್ಮದಿಯಾಗಿ ಕೂತಿದ್ದನೇ?

ಫಯೋಲ್ ಹತ್ತು ವರ್ಷಕ್ಕೆ ಅಂದಾಜು ಹಾಕಿದರೂ ಐದು ವರ್ಷಕ್ಕೇ ಅದನ್ನು ಬಿಚ್ಚಿ ಹೊಸದು ಹೆಣೆಯಬೇಕು ಅನ್ನುತ್ತಿದ್ದ. ಹಿಟ್ಟು ಹುಳಿಯಾಗುವವರೆಗೆ ಕಾಯಬೇಡಿ ಅಂದ ಹಾಗಾಯಿತು, ಅಲ್ವಾ? ಚಿಕ್ಕಪ್ಪನೂ ಊರಿಂದ ಬಂದವರೇ ಎರಡನೇ ಬೀಗದ ಕೈ ಮಾಡಿಸಿ ಲಕ್ಷ್ಮಿ ಪಟದ ಹಿಂದಿನ ಮೊಳೆಗೆ ತೂಗುಹಾಕಿದರು. ಭಟ್ಟರಿಗೆ ಮಾತ್ರ ಹೇಳಲು ಮರೆತರು. ಅದು ಇನ್ನೊಂದು ದಿನದ ಕಥೆ.

“ಅಂಕಲ್, ಈ ಕುದುರೆ ವಿಷಯ ಬರೆದ್ರೆ ಎಷ್ಟು ಮಾರ್ಕ್ಸ್ ಕೊಡ್ತಾರೆ?” ಅಂದ ಹುಡುಗ. ಅಷ್ಟರಲ್ಲಿ ಒಳಗಿನಿಂದ ಅವರಮ್ಮ.

“ಹಾಲ್ ಟಿಕೆಟ್ ಎಲ್ಲಿಟ್ಟಿದೀಯೋ?”

“ಬೀರುವಲ್ಲಿ.”

“ಬೀರು ಬೀಗದ ಕೈ?”

“ಅಪ್ಪನ ಹತ್ರ.”

ಅವನಪ್ಪ ಬೆಳಗ್ಗೆಯಷ್ಟೇ ಹುಬ್ಬಳ್ಳಿಗೆ ಹೋಗಿದ್ದರು. ನಾನು ಕರಿಬೇವು ಹಿಡಿದುಕೊಂಡು ಮೆಲ್ಲಗೆ ಒಳಗೆ ಬಂದೆ.